ಸೊಂಟ ಹಿಡ್ಕೊಂಡಿದೆಯಾ? ಸೂಜಿ, ಬೆಲ್ಟ್, ಎಣ್ಣೆ, ವ್ಯಾಯಾಮ: ಯಾವುದರಿಂದ ಎಷ್ಟು ಪ್ರಯೋಜನ? ಇಲ್ಲಿದೆ ಪೂರ್ಣ ಮಾಹಿತಿ

ಮಂಡ್ಯ: ವಿ.ಸಿ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ, ಕಬ್ಬು ಕಟಾವಿಗೆ ಬಂದರೆ, ಜಿಲ್ಲೆಯ ಕ್ಲಿನಿಕ್‌ಗಳಲ್ಲಿ ಕೇಳಿಬರುವ ಮಾತು ಒಂದೇ. "ಸೊಂಟ ಹಿಡ್ಕಂಡದೆ ಡಾಕ್ಟ್ರೇ, ಬಗ್ಗಕಾಯ್ತಿಲ್ಲ. ಒಂದು ಸೂಜಿ ಹಾಕ್ಬುಡಿ, ನಾಳೆ ಕೆಲ್ಸಕ್ಕೆ ಹೋಗ್ಬೇಕು."

ದಿನಗೂಲಿ ನಂಬಿದವರಿಗೆ ಸೊಂಟ ನೋವು ಅಂದರೆ ಬರೀ ನೋವಲ್ಲ, ಅವತ್ತಿನ ಕೂಲಿಯೂ ಹೋದಂತೆ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರು, ಲಾರಿಗೆ ಕಬ್ಬು ತುಂಬುವವರು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ನೌಕರರು, ಆಟೋ ಓಡಿಸುವವರು, ಬಾವಿಯಿಂದ ನೀರು ಸೇದಿ ಬಿಂದಿಗೆ ಹೊರುವ ಹೆಂಗಸರು, ಯಾರನ್ನೂ ಈ ನೋವು ಬಿಟ್ಟಿಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವು ಇತ್ತು ಎಂಬ ಅಂದಾಜಿದೆ. ಕೆಲಸ ಮಾಡಲಾಗದಂತೆ ಮಾಡುವ ತೊಂದರೆಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಇಷ್ಟು ಜನರಿಗೆ ಬರುವ ನೋವಿಗೆ ಚಿಕಿತ್ಸೆಗಳೂ ಅಷ್ಟೇ ಇವೆ. ಒಬ್ಬರು ಇಂಜೆಕ್ಷನ್ ಅಂತಾರೆ, ಇನ್ನೊಬ್ಬರು ಬೆಲ್ಟ್ ಹಾಕ್ಕೊ ಅಂತಾರೆ, ಮನೆಯಲ್ಲಿ ಅಜ್ಜಿ ಎಣ್ಣೆ ಕಾಯಿಸಿ ನೀವುತ್ತಾರೆ, ಮೆಡಿಕಲ್ ಸ್ಟೋರ್‌ನವರು ನಾಲ್ಕು ಮಾತ್ರೆ ಕಟ್ಟಿ ಕೊಡುತ್ತಾರೆ. ಇವುಗಳಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ, ಯಾವುದಕ್ಕೆ ಸುಮ್ಮನೆ ದುಡ್ಡು ಹೋಗುತ್ತದೆ, ಯಾವುದರಿಂದ ಅಪಾಯ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಇದು ಸ್ನಾಯು ನೋವೇನಾ ಅಂತ ತಿಳಿಯಿರಿ

ಬೆನ್ನುಮೂಳೆಯ ಎರಡೂ ಬದಿಗೆ ಮೇಲಿಂದ ಕೆಳಗಿನವರೆಗೆ ಉದ್ದನೆಯ ಸ್ನಾಯುಗಳಿವೆ. ನಾವು ಬಗ್ಗುವಾಗ, ಏಳುವಾಗ, ಭಾರ ಎತ್ತುವಾಗ ಬೆನ್ನನ್ನು ಹಿಡಿದು ನಿಲ್ಲಿಸುವುದು ಇವೇ. ಅಭ್ಯಾಸವಿಲ್ಲದ ಭಾರ ಎತ್ತಿದಾಗ, ಭಾರ ಹಿಡಿದುಕೊಂಡೇ ಪಕ್ಕಕ್ಕೆ ತಿರುಗಿದಾಗ, ಗಂಟೆಗಟ್ಟಲೆ ಬಗ್ಗಿದಾಗ ಅಥವಾ ಕೂತೇ ಇದ್ದಾಗ ಈ ಸ್ನಾಯುಗಳಿಗೆ ಪೆಟ್ಟಾಗಿ ಬಿಗಿದುಕೊಳ್ಳುತ್ತವೆ. ಇದನ್ನೇ ನಾವು ಉಳುಕು, ಸೊಂಟ ಹಿಡಿದಿದೆ, ವಾಯು ಹಿಡಿದಿದೆ, ಗ್ಯಾಸ್ ಹಿಡ್ಕೊಂಡಿದೆ ಅಂತೆಲ್ಲ ಕರೆಯುವುದು.

ಸ್ನಾಯು ನೋವಿನ ಲಕ್ಷಣಗಳು ಸಾಮಾನ್ಯವಾಗಿ ಹೀಗಿರುತ್ತವೆ:

- ನೋವು ಸೊಂಟದ ಸುತ್ತ, ಹೆಚ್ಚೆಂದರೆ ಪೃಷ್ಠದವರೆಗೆ ಇರುತ್ತದೆ. ಮೊಣಕಾಲಿನ ಕೆಳಗೆ ಇಳಿಯುವುದಿಲ್ಲ.
- ಬಗ್ಗಿದರೆ, ಮಗ್ಗಲು ಬದಲಿಸಿದರೆ, ಕೆಮ್ಮಿದರೆ ಹೆಚ್ಚು. ಅನುಕೂಲವಾದ ಭಂಗಿಯಲ್ಲಿ ಮಲಗಿದರೆ ಕಡಿಮೆ.
- ಒತ್ತಿದರೆ ಒಂದು ಜಾಗದಲ್ಲಿ ನೋವು, ಬಿಗಿತ.
- ಕಾಲಿನ ಶಕ್ತಿ, ಸ್ಪರ್ಶಜ್ಞಾನ ಮೊದಲಿನಂತೆಯೇ ಇರುತ್ತದೆ.

ನೋವು ಕರೆಂಟ್ ಹೊಡೆದಂತೆ ಪಾದದವರೆಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ನರಕ್ಕೆ ಒತ್ತಡ ಬಿದ್ದಿರಬಹುದು. ಪಕ್ಕೆಯಿಂದ ತೊಡೆಸಂದಿನ ಕಡೆ ಅಲೆಅಲೆಯಾಗಿ ನೋವು ಬಂದು, ಉರಿಮೂತ್ರವೂ ಇದ್ದರೆ ಕಿಡ್ನಿ ಕಲ್ಲಿರಬಹುದು. ಅವೆರಡರ ದಾರಿಯೇ ಬೇರೆ. ಈ ಲೇಖನ ಸ್ನಾಯು ನೋವಿಗೆ ಮಾತ್ರ.

ಈ ಲಕ್ಷಣ ಇದ್ದರೆ ಮನೆಮದ್ದು ಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ

- ಮೂತ್ರ ಕಟ್ಟಿಕೊಂಡರೆ, ಅಥವಾ ಮೂತ್ರ, ಮಲ ತಡೆಯಲಾಗದೆ ಹೋದರೆ
- ಜನನಾಂಗದ ಸುತ್ತ, ಸೈಕಲ್ ಸೀಟು ತಾಗುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ
- ಕಾಲು ಸೋತು ಬಂದರೆ, ನಡೆಯುವಾಗ ಪಾದ ಎಳೆಯುತ್ತಿದ್ದರೆ
- ಬಿದ್ದು ಅಥವಾ ಅಪಘಾತವಾಗಿ ನೋವು ಬಂದಿದ್ದರೆ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಕೂತಂತೆ ಬಿದ್ದರೂ ಮೂಳೆ ಮುರಿದಿರಬಹುದು
- ಜ್ವರ, ಸಂಜೆ ಹೊತ್ತು ಮೈ ಬಿಸಿ, ತೂಕ ಇಳಿಕೆ ಇದ್ದರೆ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪವೇನಲ್ಲ
- ಮಲಗಿದರೂ ಕಡಿಮೆಯಾಗದೆ ರಾತ್ರಿಯೆಲ್ಲ ನಿದ್ದೆ ಕೆಡಿಸುವ ನೋವಿದ್ದರೆ
- ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಹಳ ಕಾಲ ಸ್ಟಿರಾಯ್ಡ್ ಮಾತ್ರೆ ತಗೊಂಡಿದ್ದರೆ

ಮೊದಲ ಮೂರರಲ್ಲಿ ಒಂದು ಇದ್ದರೂ ನಾಳೆ ನೋಡೋಣ ಅನ್ನಬೇಡಿ. ಗಂಟೆಗಳು ಕಳೆದಂತೆ ನರಕ್ಕೆ ಶಾಶ್ವತ ಹಾನಿಯಾಗುತ್ತದೆ. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ.

1. ಮಲಗಿ ವಿಶ್ರಾಂತಿ

"ಒಂದು ವಾರ ಏಳಬೇಡ, ಅಲುಗಾಡಬೇಡ" ಎಂಬುದು ಹಳೇ ಕಾಲದ ಸಲಹೆ. ಈಗ ವೈದ್ಯರು ಇದನ್ನು ಹೇಳುವುದಿಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ನಡೆದ ಅಧ್ಯಯನದಲ್ಲಿ ಕೆಲವರನ್ನು 2 ದಿನ ಮಲಗಿಸಿದರು, ಕೆಲವರಿಗೆ ವ್ಯಾಯಾಮ ಹೇಳಿಕೊಟ್ಟರು, ಉಳಿದವರಿಗೆ "ನೋವು ತಡೆಯುವಷ್ಟು ಮಟ್ಟಿಗೆ ದಿನದ ಕೆಲಸ ಮಾಡ್ಕೊಂಡು ಹೋಗಿ" ಅಂದರು. ಬೇಗ ಚೇತರಿಸಿಕೊಂಡವರು ಈ ಕೊನೆಯ ಗುಂಪಿನವರು.

ಮಲಗಿಯೇ ಇದ್ದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ. ನೋವು ಜೋರಿದ್ದಾಗ ಒಂದೆರಡು ದಿನ ಆಗಾಗ ಮಲಗುವುದರಲ್ಲಿ ತಪ್ಪಿಲ್ಲ. ಮಂಡಿ ಕೆಳಗೆ ದಿಂಬು ಇಟ್ಟು ಅಂಗಾತ, ಅಥವಾ ಎರಡು ಮಂಡಿಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗಿದರೆ ಆರಾಮ. ಗಂಟೆಗೊಮ್ಮೆ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿ. ಭಾರ ಎತ್ತುವ ಕೆಲಸ ಮಾತ್ರ ಕೆಲವು ದಿನ ಬೇಡ.

2. ಬಿಸಿ ಶಾಖ, ಐಸ್

ಹೊಸ ನೋವಿಗೆ ಬಿಸಿ ಶಾಖದಿಂದ ಸ್ವಲ್ಪ ಮಟ್ಟಿಗೆ, ಸ್ವಲ್ಪ ಹೊತ್ತು ಆರಾಮ ಸಿಗುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರ ಇದೆ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದವುಗಳ ಪಟ್ಟಿಯಲ್ಲಿ ಶಾಖವೂ ಇದೆ. ಐಸ್‌ಗೆ ಅಷ್ಟು ಆಧಾರವಿಲ್ಲ. ಆದರೂ ಕೆಲವರಿಗೆ ಹಿತ ಅನ್ನಿಸುತ್ತದೆ, ಇಟ್ಟುಕೊಂಡರೆ ತೊಂದರೆ ಇಲ್ಲ.

ಬಿಸಿನೀರಿನ ಬ್ಯಾಗನ್ನು ಟವೆಲ್‌ನಲ್ಲಿ ಸುತ್ತಿ 15-20 ನಿಮಿಷ, ದಿನಕ್ಕೆ ಎರಡು ಮೂರು ಸಲ ಇಡಿ. ಮರಳು ಅಥವಾ ಉಪ್ಪನ್ನು ಬಾಣಲೆಯಲ್ಲಿ ಹುರಿದು ಬಟ್ಟೆಗೆ ಕಟ್ಟಿ ಶಾಖ ಕೊಡುವ ನಮ್ಮ ಹಳ್ಳಿ ಪದ್ಧತಿಯೂ ಇದೇ ಕೆಲಸ ಮಾಡುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಚರ್ಮದ ಸ್ಪರ್ಶ ಕಡಿಮೆಯಾಗಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ಅಂಥವರಿಗೆ ಶಾಖ ಕೊಡುವ ಮೊದಲು ಮನೆಯವರು ಕೈಯಿಂದ ಮುಟ್ಟಿ ನೋಡಲಿ.

3. ನೋವಿನ ಮಾತ್ರೆ

ಪ್ಯಾರಾಸಿಟಮಾಲ್: ಎಲ್ಲರ ಮನೆಯಲ್ಲೂ ಇರುವ ಮಾತ್ರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸುಮಾರು 1,650 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಮಾತ್ರೆ ನುಂಗಿದವರು ಸರಾಸರಿ 17 ದಿನಕ್ಕೆ ಗುಣವಾದರು, ಔಷಧವಿಲ್ಲದ ಖಾಲಿ ಮಾತ್ರೆ ನುಂಗಿದವರು 16 ದಿನಕ್ಕೆ! ಅಂದರೆ ಜ್ವರಕ್ಕೆ ಒಳ್ಳೆಯದಾದ ಈ ಮಾತ್ರೆ ಸೊಂಟ ನೋವನ್ನು ಬೇಗ ವಾಸಿ ಮಾಡುವುದಿಲ್ಲ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರಾಕ್ಸೆನ್: ಇವು ಉರಿಯೂತ ತಗ್ಗಿಸುವ ಮಾತ್ರೆಗಳು. ನೋವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ. ಊಟವಾದ ಮೇಲೆ, ಕಡಿಮೆ ಡೋಸ್‌ನಲ್ಲಿ, ಕೆಲವೇ ದಿನ ಎಂಬುದು ನಿಯಮ. ನಮ್ಮ ಕಡೆ ಆಗುವ ತಪ್ಪೇ ಇಲ್ಲಿ. ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ನುಂಗುತ್ತಾರೆ. ಇದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವ ಆಗಬಹುದು, ಬಿ.ಪಿ. ಏರಬಹುದು, ಕಿಡ್ನಿ ಕೆಡಬಹುದು. ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಕಿಡ್ನಿಯ ಅಪಾಯ ಇನ್ನೂ ಹೆಚ್ಚು. ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ಅಲ್ಸರ್ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಸ್ನಾಯು ಸಡಿಲಿಸುವ ಮಾತ್ರೆ: ಕ್ಲೋರ್‌ಜೋಕ್ಸಜೋನ್, ಥಯೋಕಾಲ್ಚಿಕೋಸೈಡ್ ಮುಂತಾದವನ್ನು ನೋವಿನ ಮಾತ್ರೆಯ ಜೊತೆ ಸೇರಿಸಿಯೇ ಮಾರುತ್ತಾರೆ. ಹೊಸ ನೋವಿಗೆ ಕೆಲವು ದಿನಕ್ಕೆ ವೈದ್ಯರು ಬರೆದುಕೊಡಬಹುದು, ಹಳೇ ನೋವಿಗೆ ಇವುಗಳ ಬಳಕೆಗೆ ಆಧಾರ ಸಾಲದು. ಈ ಬಗೆಯ ಹಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ನುಂಗಿ ಬೈಕ್, ಟ್ರ್ಯಾಕ್ಟರ್ ಓಡಿಸಬೇಡಿ. ಇದರ ಮೇಲೆ ಮದ್ಯ ಕುಡಿಯುವುದಂತೂ ಬಹಳ ಅಪಾಯ.

ಟ್ರಮಡಾಲ್‌ನಂಥ ಅಫೀಮು ವರ್ಗದ ಮಾತ್ರೆ: ಸ್ನಾಯು ನೋವಿಗೆ ಬೇಡ. ಈ ವರ್ಗದ ಇನ್ನೊಂದು ಔಷಧವನ್ನು ಹೊಸ ಬೆನ್ನು ನೋವು, ಕುತ್ತಿಗೆ ನೋವಿನವರಿಗೆ ಕೊಟ್ಟು ನೋಡಿದ ಅಧ್ಯಯನ 2023ರಲ್ಲಿ ಸಿಡ್ನಿಯಿಂದಲೇ ಬಂತು. ಖಾಲಿ ಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಚಟವಾಗುವ ಭಯ ಬೇರೆ.

4. ಸೂಜಿ

ಸೂಜಿಯಲ್ಲೂ ಸಾಮಾನ್ಯವಾಗಿ ಇರುವುದು ಅದೇ ಡೈಕ್ಲೊಫೆನಾಕ್. ಮಾತ್ರೆ ನುಂಗಲಾಗದಷ್ಟು ವಾಂತಿ ಇದ್ದಾಗ, ನೋವು ತಡೆಯಲಾರದಷ್ಟು ಇದ್ದಾಗ ಒಂದು ಸಲಕ್ಕೆ ಉಪಯೋಗ ಇದೆ. ಆದರೆ ಅದು ಉಳುಕನ್ನು ವಾಸಿ ಮಾಡುವುದಿಲ್ಲ, ಕೆಲವು ಗಂಟೆ ನೋವು ಗೊತ್ತಾಗದಂತೆ ಮಾಡುತ್ತದೆ. ನೋವು ಹೋಯ್ತು ಅಂತ ಅವತ್ತೇ ಕಬ್ಬಿನ ಹೊರೆ ಎತ್ತಿದರೆ ಪೆಟ್ಟಾದ ಸ್ನಾಯುವಿಗೆ ಮತ್ತೆ ಪೆಟ್ಟು. ಮೂರು ದಿನಕ್ಕೆ ಮತ್ತೆ ಸೂಜಿಗೆ ಓಡಬೇಕಾಗುವುದು ಇದಕ್ಕೇ. ಸೂಜಿ ಚುಚ್ಚಿದ ಜಾಗ ಕೀವಾಗುವುದು, ಜಾಗ ತಪ್ಪಿದರೆ ಕಾಲಿನ ನರಕ್ಕೆ ತಗಲುವುದು ಕೂಡ ಉಂಟು.

ಸ್ಟಿರಾಯ್ಡ್ ಸೂಜಿ, ಹೆಸರೇ ಇಲ್ಲದ ಪೊಟ್ಟಣದ ಪುಡಿ, ಗುಳಿಗೆ ಇವುಗಳ ಬಗ್ಗೆ ಹುಷಾರಾಗಿರಿ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪತ್ತೆಯಾದ ಪ್ರಕರಣಗಳು ದೇಶದಲ್ಲಿವೆ. ಮೊದಲ ವಾರ ಮಾಯ ಮಾಡಿದಂತೆ ನೋವು ಹೋಗುತ್ತದೆ. ಆಮೇಲೆ ಮುಖ ಊದಿಕೊಳ್ಳುತ್ತದೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ.

5. ಎಣ್ಣೆ, ನೀವುವುದು, ಕಟಿಬಸ್ತಿ

ಮಸಾಜ್‌ನಿಂದ ತಾತ್ಕಾಲಿಕ ಆರಾಮ ಸಿಗುತ್ತದೆ, ಬಹಳ ದಿನ ನಿಲ್ಲುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಬಿಸಿ ಎಣ್ಣೆ ಹಚ್ಚಿ ಮೃದುವಾಗಿ ನೀವಿಸಿಕೊಂಡು ಬಿಸಿನೀರು ಹಾಕಿಕೊಳ್ಳುವುದರಲ್ಲಿ ತೊಂದರೆಯಿಲ್ಲ, ಖರ್ಚೂ ಕಡಿಮೆ. ನೋವು ಇಳಿದ ಆ ಹೊತ್ತನ್ನು ನಡೆದಾಡಲು ಬಳಸಿಕೊಳ್ಳಿ.

ಆಯುರ್ವೇದದ ಕಟಿಬಸ್ತಿಯಲ್ಲಿ ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಔಷಧಿ ಎಣ್ಣೆ ಹಾಕಿ ನಿಲ್ಲಿಸುತ್ತಾರೆ. ಅನೇಕರಿಗೆ ಹಿತವಾಗುತ್ತದೆ. ಇದರ ಮೇಲೆ ನಡೆದಿರುವ ಅಧ್ಯಯನಗಳು ಸಣ್ಣವು, ಹಾಗಾಗಿ ಶಾಖ ಮತ್ತು ಎಣ್ಣೆಯಿಂದ ಸಿಗುವ ಆರಾಮ ಎಂದಷ್ಟೇ ತಿಳಿದು ಮಾಡಿಸಿಕೊಳ್ಳಿ. ಅರ್ಹ ಆಯುರ್ವೇದ ವೈದ್ಯರ ಬಳಿಯೇ ಹೋಗಿ.

ಬೆನ್ನ ಮೇಲೆ ಹತ್ತಿ ತುಳಿಸಿಕೊಳ್ಳುವುದು, ಟಕ್ ಅನ್ನುವಂತೆ ಎಳೆಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ಇವೆಲ್ಲ ಹಳ್ಳಿಗಳಲ್ಲಿ ಇನ್ನೂ ಇವೆ. ಉಳುಕು ತಾನಾಗಿಯೇ ವಾಸಿಯಾಗುವ ಕಾಯಿಲೆ ಆದ್ದರಿಂದ ಕೀರ್ತಿ ಒದ್ದವರಿಗೆ ಹೋಗುತ್ತದೆ! ಆದರೆ ಮೂಳೆ ಸವೆದ ವಯಸ್ಸಾದವರಿಗೆ, ಕ್ಷಯ ಇರುವವರಿಗೆ, ನರಕ್ಕೆ ಒತ್ತಡ ಇರುವವರಿಗೆ ಹೀಗೆ ಮಾಡಿದರೆ ಮೂಳೆ ಮುರಿಯಬಹುದು, ಕಾಲೇ ಬಿದ್ದುಹೋಗಬಹುದು. ತರಬೇತಿ ಪಡೆದವರು ಕೈಯಿಂದ ಮಾಡುವ ಚಿಕಿತ್ಸೆಯಿಂದ ಸಾಧಾರಣ ಮಟ್ಟಿನ ಪ್ರಯೋಜನ ಇದೆ. ಅದೂ ಪರೀಕ್ಷೆ ಮಾಡಿಸಿಕೊಂಡ ಮೇಲೆ.

6. ಬೆಲ್ಟ್, ಟ್ರ್ಯಾಕ್ಷನ್, ಕರೆಂಟ್ ಚಿಕಿತ್ಸೆ

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಕೆಳಬೆನ್ನಿನ ನೋವಿಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ, ಚರ್ಮದ ಮೇಲಿಂದ ಕರೆಂಟ್ ಕೊಡುವ ಟೆನ್ಸ್ ಇವು ಯಾವುವನ್ನೂ ಮಾಮೂಲಿಯಾಗಿ ಬಳಸುವುದು ಬೇಡ ಎಂದು ಅದರಲ್ಲಿ ಹೇಳಿದೆ.

ಬೆಲ್ಟ್ ಹಾಕಿದರೆ ಧೈರ್ಯ ಬರುತ್ತದೆ, ನಿಜ. ಒಂದೆರಡು ದಿನ ಬಸ್ ಪ್ರಯಾಣಕ್ಕೆ ಹಾಕಿಕೊಂಡರೆ ಪರವಾಗಿಲ್ಲ. ದಿನವಿಡೀ ತಿಂಗಳುಗಟ್ಟಲೆ ಹಾಕಿಕೊಂಡು ಅದರ ಮೇಲೇ ಭಾರ ಹಾಕುವುದು ಸರಿಯಲ್ಲ. ಇನ್ನು ಫಿಸಿಯೋಥೆರಪಿಗೆ ಹೋದಾಗ ಬರೀ ಮಿಷನ್ ಇಟ್ಟು ಕಳಿಸಿದರೆ, "ಮನೇಲಿ ಮಾಡೋ ವ್ಯಾಯಾಮ ಹೇಳಿಕೊಡಿ ಸರ್" ಅಂತ ಕೇಳಿ ಪಡೆಯಿರಿ. ನಿಜವಾದ ಫಿಸಿಯೋಥೆರಪಿ ಅದೇ.

7. ನಡಿಗೆ, ವ್ಯಾಯಾಮ, ಯೋಗ

ಎಲ್ಲ ಚಿಕಿತ್ಸೆಗಳನ್ನು ಒಂದು ತಕ್ಕಡಿಯಲ್ಲಿಟ್ಟರೆ ಹೆಚ್ಚು ತೂಗುವುದು ಇದು. ನೋವು ಹಳೆಯದಾದಷ್ಟೂ ಇದರ ಮಹತ್ವ ಹೆಚ್ಚು. ಸೊಂಟ ನೋವಿನ ದೊಡ್ಡ ತೊಂದರೆ ಅದು ಮರುಕಳಿಸುವುದು. ಅದನ್ನು ತಡೆಯುವ ಶಕ್ತಿ ಮಾತ್ರೆಗಾಗಲಿ ಬೆಲ್ಟ್‌ಗಾಗಲಿ ಇಲ್ಲ, ವ್ಯಾಯಾಮಕ್ಕೆ ಇದೆ.

2024ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಸೊಂಟ ನೋವು ಬಂದು ವಾಸಿಯಾಗಿದ್ದ 701 ಜನರಲ್ಲಿ ಅರ್ಧ ಮಂದಿಗೆ ನಿಧಾನಕ್ಕೆ ನಡಿಗೆ ಹೆಚ್ಚಿಸಿಕೊಳ್ಳುವುದನ್ನು ಹೇಳಿಕೊಟ್ಟರು. ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷ ತಲುಪುವುದು ಗುರಿ. ನಡೆದವರಲ್ಲಿ ನೋವು ಮತ್ತೆ ಬರಲು ಸರಾಸರಿ 208 ದಿನ ಹಿಡಿಯಿತು, ಉಳಿದವರಲ್ಲಿ 112 ದಿನ. ಖರ್ಚು ಒಂದು ಜೊತೆ ಚಪ್ಪಲಿ.

"ದಿನವಿಡೀ ಗದ್ದೇಲಿ ದುಡೀತೀವಿ, ನಮಗ್ಯಾಕೆ ವ್ಯಾಯಾಮ?" ಎಂದು ಕೇಳುವವರಿದ್ದಾರೆ. ನಾಟಿಯಲ್ಲಿ, ಕಬ್ಬಿನ ಕೆಲಸದಲ್ಲಿ ಬೆನ್ನು ಒಂದೇ ಕಡೆಗೆ ಬಗ್ಗಿರುತ್ತದೆ. ವ್ಯಾಯಾಮ ಅಂದರೆ ಉಳಿದ ದಿಕ್ಕುಗಳಿಗೂ ಬೆನ್ನನ್ನು ಆಡಿಸುವುದು, ಹೊಟ್ಟೆ ಮತ್ತು ಪೃಷ್ಠದ ಸ್ನಾಯುಗಳಿಗೆ ಬಲ ತುಂಬುವುದು.

ಜೋರು ನೋವು ಇಳಿದ ಮೇಲೆ ಚಾಪೆ ಹಾಸಿಕೊಂಡು ಮಾಡಬಹುದಾದ ನಾಲ್ಕು:

- ಅಂಗಾತ ಮಲಗಿ, ಒಂದು ಮಂಡಿಯನ್ನು ಎರಡೂ ಕೈಯಿಂದ ಎದೆಯತ್ತ ಎಳೆದು 10 ಎಣಿಸಿ ಬಿಡಿ. ಆಮೇಲೆ ಇನ್ನೊಂದು ಮಂಡಿ.
- ಮಂಡಿ ಮಡಚಿ, ಪಾದ ನೆಲಕ್ಕೂರಿ, ಸೊಂಟವನ್ನು ನಿಧಾನಕ್ಕೆ ಮೇಲೆತ್ತಿ 5 ಎಣಿಸಿ ಇಳಿಸಿ. ಇದು ಸೇತುಬಂಧಾಸನ.
- ಮಗು ಅಂಬೆಗಾಲಿಟ್ಟಂತೆ ನಿಂತು, ಬೆನ್ನನ್ನು ಒಮ್ಮೆ ಮೇಲಕ್ಕೆ ಗೂನು ಮಾಡಿ, ಒಮ್ಮೆ ಕೆಳಕ್ಕೆ ಬಿಡಿ.
- ಅದೇ ಭಂಗಿಯಲ್ಲಿ ಬಲಗೈ ಮತ್ತು ಎಡಗಾಲನ್ನು ಒಟ್ಟಿಗೆ ಚಾಚಿ 5 ಎಣಿಸಿ. ಆಮೇಲೆ ಎಡಗೈ, ಬಲಗಾಲು.

ಒಂದೊಂದನ್ನೂ 5 ಸಲದಿಂದ ಶುರುಮಾಡಿ, ವಾರ ಕಳೆದಂತೆ 10ಕ್ಕೆ ಏರಿಸಿ. ಸ್ವಲ್ಪ ಎಳೆತ ಸಹಜ. ನೋವು ಕಾಲಿಗೆ ಇಳಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಯೋಗದಿಂದ ಹಳೇ ನೋವಿನವರಿಗೆ ಸಿಗುವ ಪ್ರಯೋಜನ ಬೇರೆ ವ್ಯಾಯಾಮದಷ್ಟೇ. ನಿಮಗೆ ಯಾವುದು ಇಷ್ಟವೋ, ಯಾವುದನ್ನು ಬಿಡದೆ ಮಾಡುತ್ತೀರೋ ಅದೇ ಒಳ್ಳೆಯದು.

ಒಂದೇ ನೋಟದಲ್ಲಿ ಹೋಲಿಕೆ

- ಪೂರ್ತಿ ಮಲಗುವುದು: ಪ್ರಯೋಜನ ಇಲ್ಲ, ಕೂಲಿ ನಷ್ಟ, ಸ್ನಾಯು ಸೋಲುತ್ತದೆ
- ಬಿಸಿ ಶಾಖ: ತಾತ್ಕಾಲಿಕ ಆರಾಮ, ಖರ್ಚಿಲ್ಲ, ಸುಡದಂತೆ ಎಚ್ಚರ
- ಪ್ಯಾರಾಸಿಟಮಾಲ್: ಗುಣವಾಗುವ ವೇಗ ಬದಲಾಗದು, ಖರ್ಚು ಕಡಿಮೆ
- ಉರಿಯೂತದ ಮಾತ್ರೆ: ಸ್ವಲ್ಪ ಪ್ರಯೋಜನ; ಕೆಲವೇ ದಿನಕ್ಕೆ; ಹೊಟ್ಟೆ, ಕಿಡ್ನಿಗೆ ಅಪಾಯ
- ಸೂಜಿ: ಕೆಲವು ಗಂಟೆಯ ಆರಾಮ, ಪದೇಪದೇ ಬೇಡ
- ಎಣ್ಣೆ, ಮಸಾಜ್: ತಾತ್ಕಾಲಿಕ ಆರಾಮ, ಮೃದುವಾಗಿದ್ದರೆ ಅಪಾಯವಿಲ್ಲ
- ಬೆಲ್ಟ್, ಟ್ರ್ಯಾಕ್ಷನ್, ಕರೆಂಟ್: ಆಧಾರ ಸಾಲದು, ಖರ್ಚು ಹೆಚ್ಚು
- ನಡಿಗೆ, ವ್ಯಾಯಾಮ: ನಿಧಾನ, ಆದರೆ ನಿಲ್ಲುವ ಪ್ರಯೋಜನ, ಮರುಕಳಿಸುವುದು ಕಡಿಮೆ

ಎಂ.ಆರ್.ಐ. ಸ್ಕ್ಯಾನ್ ಬೇಕಾ?

ಮೇಲೆ ಹೇಳಿದ ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ಆರು ವಾರ ಎಕ್ಸ್‌ರೇ, ಎಂ.ಆರ್.ಐ. ಯಾವುದೂ ಬೇಡ. ಸ್ಕ್ಯಾನ್ ರಿಪೋರ್ಟ್‌ನಲ್ಲಿ "ಡಿಸ್ಕ್ ಸವೆದಿದೆ", "ಡಿಸ್ಕ್ ಉಬ್ಬಿದೆ" ಅಂತ ಓದಿ ಹೆದರಿ, ಬದುಕೇ ಮುಗೀತು ಅಂದುಕೊಳ್ಳುವವರು ಬಹಳ. ಆದರೆ ಬೆನ್ನು ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 20 ವರ್ಷದವರಲ್ಲೇ 37% ಮಂದಿಗೆ, 80 ವರ್ಷದವರಲ್ಲಿ 96% ಮಂದಿಗೆ ಡಿಸ್ಕ್ ಸವೆತ ಕಂಡಿತು. ತಲೆಕೂದಲು ನರೆತಂತೆ ಇದೂ ವಯಸ್ಸಿನ ಗುರುತು. ಸ್ನಾಯು ನೋವಿಗೆ ಆಪರೇಷನ್ ಇಲ್ಲ.

"ಸಿಸೇರಿಯನ್ ಟೈಮಲ್ಲಿ ಬೆನ್ನಿಗೆ ಸೂಜಿ ಕೊಟ್ರಲ್ಲ, ಅದರಿಂದಲೇ ನೋವು" ನಿಜಾನಾ?

ಬಾಣಂತಿಯರಿಂದ ಹೆಚ್ಚು ಕೇಳಿಬರುವ ಮಾತು ಇದು. ಸೂಜಿ ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರಬಹುದು. ಹೆರಿಗೆಯಲ್ಲಿ ಬೆನ್ನಿಗೆ ಅರಿವಳಿಕೆ ತಗೊಂಡವರಲ್ಲೂ ತಗೊಳ್ಳದವರಲ್ಲೂ ಮುಂದೆ ಬೆನ್ನು ನೋವು ಬರುವ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ನಿಜವಾದ ಕಾರಣ ಬೇರೆ. ಗರ್ಭಿಣಿಯಾಗಿದ್ದಾಗ ಹೊಟ್ಟೆಯ ಸ್ನಾಯು ಸಡಿಲವಾಗಿರುತ್ತದೆ, ಹೆರಿಗೆಯಾದ ಮೇಲೆ ಬಗ್ಗಿ ಕೂತು ಹಾಲು ಕುಡಿಸುವುದು, ಮಗು ಎತ್ತಿಕೊಳ್ಳುವುದು, ನಿದ್ದೆಗೇಡು ಎಲ್ಲ ಸೇರುತ್ತವೆ. ಸೂಜಿಯನ್ನು ದೂರುತ್ತಾ ಕೂತರೆ ವ್ಯಾಯಾಮ ತಪ್ಪಿಹೋಗುತ್ತದೆ. ವೈದ್ಯರು ಒಪ್ಪಿದ ಮೇಲೆ ನಿಧಾನಕ್ಕೆ ನಡಿಗೆ, ಹೊಟ್ಟೆಯ ಸ್ನಾಯುವಿನ ವ್ಯಾಯಾಮ ಶುರುಮಾಡಿ.

ಕೆಲಸದ ಜಾಗದಲ್ಲಿ ಏನು ಮಾಡಬಹುದು?

ನಾಟಿ, ಕಳೆ ಕೀಳುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಐದಾರು ಸಲ ಹಿಂದಕ್ಕೆ ಬಾಗಿ. ಕಬ್ಬಿನ ಹೊರೆ, ಮೂಟೆ ಎತ್ತುವಾಗ ಭಾರವನ್ನು ಮೈಗೆ ಒತ್ತಿಕೊಂಡು, ಮಂಡಿ ಮಡಚಿ ಏಳಿ. ಹೊರೆ ಹಿಡಿದು ಸೊಂಟ ತಿರುಗಿಸುವ ಬದಲು ಪಾದವನ್ನೇ ತಿರುಗಿಸಿ. ದೊಡ್ಡದೊಂದು ಹೊರೆಗಿಂತ ಸಣ್ಣವೆರಡು ಮೇಲು. ಕೂತು ಕೆಲಸ ಮಾಡುವವರು, ಆಟೋ ಚಾಲಕರು ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಿರಿ. ಉಳುಕಿದ ಮೇಲೆ ಕೆಲಸಕ್ಕೆ ಮರಳುವಾಗ ಮೊದಲ ಕೆಲವು ದಿನ ಹಗುರ ಕೆಲಸ ಕೊಡುವಂತೆ ಮೇಸ್ತ್ರಿಯನ್ನು ಕೇಳಿ. ಮೇಸ್ತ್ರಿಗಳೂ ಒಪ್ಪಬೇಕು, ಆಳು ಪೂರ್ತಿ ಮೂಲೆ ಸೇರುವುದಕ್ಕಿಂತ ಅದೇ ಲಾಭ.

ಎಲ್ಲಿಗೆ ಹೋಗಬೇಕು?

ಹೊಸ ಉಳುಕಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸಾಕು. ಎರಡು ಮೂರು ವಾರಕ್ಕೂ ಇಳಿಯದಿದ್ದರೆ ತಾಲೂಕು ಆಸ್ಪತ್ರೆಗೆ, ಅಥವಾ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ತೋರಿಸಿ. ವೈದ್ಯರು ಬರೆದ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಹೋಗುವಾಗ ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಖಾಲಿ ಕವರ್ ತಗೊಂಡು ಹೋಗಿ. ಒಂದೇ ಔಷಧವನ್ನು ಎರಡು ಹೆಸರಲ್ಲಿ ನುಂಗುತ್ತಿರುವುದು ಆಗಲೇ ಗೊತ್ತಾಗುವುದು.

ಒಟ್ಟಿನಲ್ಲಿ ಸ್ನಾಯು ಉಳುಕು ಬಹುತೇಕರಿಗೆ ಕೆಲವು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಶಾಖ, ಬೇಕಿದ್ದರೆ ನಾಲ್ಕಾರು ದಿನ ವೈದ್ಯರು ಬರೆದ ಮಾತ್ರೆ, ಆದಷ್ಟು ಓಡಾಟ. ಇಳಿದ ಮೇಲೆ ವ್ಯಾಯಾಮ ಬಿಡಬೇಡಿ. ನೋವಿಲ್ಲದ ದಿನ ಮಾಡುವ ಅರ್ಧ ಗಂಟೆ ನಡಿಗೆ ಮುಂದಿನ ನಾಟಿ ಹೊತ್ತಿಗೆ ನಿಮ್ಮ ಕೂಲಿ ಉಳಿಸುತ್ತದೆ.

(ಗಮನಿಸಿ: ಇದು ಸಾಮಾನ್ಯ ಮಾಹಿತಿಗಾಗಿ ಪ್ರಕಟಿಸಿದ ಲೇಖನ. ನಿಮ್ಮ ವಯಸ್ಸು, ಇತರ ಕಾಯಿಲೆ, ಈಗ ತಗೊಳ್ಳುತ್ತಿರುವ ಔಷಧ ನೋಡಿ ಚಿಕಿತ್ಸೆ ನಿರ್ಧರಿಸಬೇಕಾದವರು ವೈದ್ಯರು.)